ತಡ ಮಾಡಿದವರ ಹಲಗೆ

ಗ್ರಂಥಾಲಯದ ಬೀಗ ತೆಗೆದ ಕೂಡಲೇ ಪ್ರೊಫೆಸರಮ್ಮ ಮಾಡುತ್ತಿದ್ದ ಮೊದಲ ಕೆಲಸ ಬಾಗಿಲ ಪಕ್ಕದ ಕರಿಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಹೊಸದಾಗಿ ಬರೆಯುವುದು. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಮೇಲೆ ಸಂಬಳವಿಲ್ಲದ ಈ ಕೆಲಸವನ್ನು ತಾವಾಗಿಯೇ ಕೇಳಿ ಪಡೆದಿದ್ದರು. ಹಲಗೆಯೂ ಅವರದೇ ಯೋಚನೆ. ಪುಸ್ತಕ ಹಿಂತಿರುಗಿಸಲು ತಡ ಮಾಡಿದವರ ಹೆಸರು, ಅದರ ಮುಂದೆ ಪುಸ್ತಕದ ಹೆಸರು. ರಸ್ತೆಯಲ್ಲಿ ಹೋಗುವವರಿಗೂ ಕಾಣುವಂಥ ದುಂಡು ಅಕ್ಷರಗಳು.

“ದಂಡಕ್ಕೆ ಬಗ್ಗದವರು ನಾಚಿಕೆಗೆ ಬಗ್ಗುತ್ತಾರೆ,” ಎನ್ನುತ್ತಿದ್ದರು. ಬಗ್ಗುತ್ತಲೂ ಇದ್ದರು. ತೂಕ ಇಳಿಸುವ ಪುಸ್ತಕ ಇಟ್ಟುಕೊಂಡಿದ್ದ ಅಂಚೆಯವನನ್ನು ಇಡೀ ಬೀದಿ “ಎಷ್ಟು ಇಳೀತಪ್ಪಾ?” ಎಂದು ಕೇಳಿದ ಮೇಲೆ ಮರುದಿನವೇ ಪುಸ್ತಕ ತಂದಿಟ್ಟಿದ್ದ. ಅಂದು ಪ್ರೊಫೆಸರಮ್ಮನೂ ನಕ್ಕಿದ್ದರು.

ಆ ಗುರುವಾರ ಬಲ್ಬ್ ಅಂಗಡಿಯವನು ಬಂದ. ಕೈಯಲ್ಲಿ ಹಳೇ ಪತ್ರಿಕೆಯಲ್ಲಿ ಸುತ್ತಿದ ಪುಸ್ತಕ.

“ನಮಸ್ಕಾರ ಮೇಡಂ. ನಿಮ್ಮಿಂದ ದೊಡ್ಡ ಉಪಕಾರ ಆಯ್ತು.”

“ನನ್ನಿಂದೇನು ಉಪಕಾರ?”

“ನನ್ನ ಹೆಂಡ್ತಿ ಹೆಸರು ಮೂರು ದಿನದಿಂದ ನಿಮ್ಮ ಬೋರ್ಡ್ ಮೇಲಿದೆಯಲ್ಲ. ಅಂಗಡಿಗೆ ಬಂದೋರು ಹೇಳಿದ್ರು. ಮನೆಯೆಲ್ಲಾ ಹುಡುಕಿದೆ. ಹಿಟ್ಟಿನ ಡಬ್ಬಿ ಹಿಂದೆ ಸಿಕ್ತು.” ಕಾಗದ ಬಿಡಿಸಿ ಮೇಜಿನ ಮೇಲಿಟ್ಟ. ವಿಚ್ಛೇದನದ ಕಾನೂನನ್ನು ಪ್ರಶ್ನೋತ್ತರದಲ್ಲಿ ತಿಳಿಸುವ ತೆಳು ಪುಸ್ತಕ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಪ್ರೊಫೆಸರಮ್ಮನಿಗೆ ಹೆದರಿಕೆಯಾದದ್ದೇ ಅದರಿಂದ.

“ಅವಳು ಹೊರಗೆ ಹೋಗ್ತಿದ್ದಿದ್ದು ಇಲ್ಲಿಗೊಂದೇ. ಇನ್ಮೇಲೆ ಅದೂ ಬೇಡ. ಫೋನ್ ನನ್ನ ಹತ್ರಾನೇ ಇದೆ. ಮಗಳನ್ನ ನಮ್ಮಮ್ಮನ ಹತ್ರ ಬಿಟ್ಟು ಬಂದಿದೀನಿ. ಓದೋದಕ್ಕೆ ಬೇಕಂದ್ರೆ ನಾನೇ ತಗೊಂಡು ಹೋಗ್ತೀನಿ. ಅಡುಗೆ ಪುಸ್ತಕ ಇದ್ರೆ ಒಂದು ಕೊಡಿ.”

ಪ್ರೊಫೆಸರಮ್ಮ ಪುಸ್ತಕ ತೆರೆದರು. ಒಂದು ಪುಟದ ಮೂಲೆ ಮಡಿಸಿತ್ತು. ಪುಟ ಮಡಿಸುವವರನ್ನು ಅವರು ಎಂದೂ ಕ್ಷಮಿಸಿದವರಲ್ಲ. ಬಿಡಿಸಲು ಬೆರಳು ತಾನಾಗಿಯೇ ಹೋಯಿತು. ಅಲ್ಲಿದ್ದ ಪ್ರಶ್ನೆ ಕಣ್ಣಿಗೆ ಬಿತ್ತು: ಹೆಂಡತಿ ಮನೆ ಬಿಟ್ಟು ಬಂದರೆ ಮಗು ಯಾರ ಬಳಿ ಇರುತ್ತದೆ? ಬೆರಳು ನಿಂತಿತು.

ಪ್ರತಿ ಬುಧವಾರ ಬರುತ್ತಿದ್ದ ಹೆಂಗಸು. ಕಿಟಕಿಯ ಬಳಿ ಜಾಗವಿದ್ದರೂ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಒಂದು ತಾಸಿನಲ್ಲಿ ನಾಲ್ಕು ಸಲ “ಗಂಟೆ ಎಷ್ಟಾಯ್ತು ಮೇಡಂ?” ಎಂದು ಕೇಳುತ್ತಿದ್ದಳು. ಓದಿನಲ್ಲಿ ಮನಸ್ಸಿಲ್ಲದವಳು ಎಂದುಕೊಂಡಿದ್ದರು ಪ್ರೊಫೆಸರಮ್ಮ.

“ಈ ಪುಸ್ತಕ ತಗೊಂಡಿದ್ದು ಅವಳಲ್ಲ,” ಎಂದರು. ಮಾತು ಬಾಯಿಂದ ಹೊರಟ ಮೇಲೆ ಹಿಂದೆ ಹೋಗಲು ದಾರಿಯಿರಲಿಲ್ಲ. “ನಾನು. ಅವಳ ಕಾರ್ಡಲ್ಲಿ.”

“ನೀವಾ? ಈ ವಯಸ್ಸಲ್ಲಿ?”

“ವಯಸ್ಸಿಗೇನಪ್ಪ. ಮನೇಲಿಟ್ರೆ ನಮ್ಮ ಯಜಮಾನ್ರ ಕಣ್ಣಿಗೆ ಬೀಳುತ್ತೆ. ಸ್ವಲ್ಪ ದಿನ ಇಟ್ಕೊಂಡಿರಮ್ಮ ಅಂತ ಕೊಟ್ಟೆ. ಪಾಪ, ಹಿರಿಯರಿಗೆ ಇಲ್ಲ ಅನ್ನೋದಕ್ಕಾಗಲಿಲ್ಲ ಅವಳಿಗೆ.”

“ಮತ್ತೆ ಬೋರ್ಡ್ ಮೇಲೆ ಅವಳ ಹೆಸರು ಬರೆದಿದ್ದು?”

“ಕಾರ್ಡಲ್ಲಿದ್ದ ಹೆಸರು ಬರೆದೆ. ನನ್ನದು ಬರೆಯೋ ಧೈರ್ಯ ಬರಲಿಲ್ಲ.”

ಅವನು ಸೀಮೆಸುಣ್ಣವನ್ನು ಮೇಜಿನ ಮೇಲೆ ಅವರ ಕಡೆಗೆ ಸರಿಸಿದ.

“ಹಾಗಾದ್ರೆ ಈಗ ಬರೀರಿ. ಮೂರು ದಿನ ನಮ್ಮನೆ ಮರ್ಯಾದೆ ಅಲ್ಲಿ ನೇತಾಡ್ತು. ನಿಮ್ಮದೂ ಮೂರು ದಿನ ಇರಲಿ. ಆವಾಗ ನಂಬ್ತೀನಿ. ಅವಳನ್ನೂ ಕಳಿಸ್ತೀನಿ.”

ಪ್ರೊಫೆಸರಮ್ಮ ಬರೆದರು. ತಮ್ಮ ಹೆಸರು, ಮುಂದೆ ಆ ಪುಸ್ತಕದ ಹೆಸರು. ಸಾಲು ಕೊನೆಯಲ್ಲಿ ಕೆಳಗೆ ಜಾರಿತು.

ಆ ಸಂಜೆ ಮನೆಯಲ್ಲಿ ಗಂಡ ಕುರ್ಚಿಯಿಂದ ಏಳಲಿಲ್ಲ.

“ನಾನೇನು ಕಮ್ಮಿ ಮಾಡಿದೀನಿ, ಹೇಳು.”

“ಏನೂ ಇಲ್ಲ ರೀ.”

“ಏನೂ ಇಲ್ಲದೇನೇ ಬೋರ್ಡ್ ಮೇಲೆ ಬರುತ್ತಾ? ಊರಿಗೆಲ್ಲಾ ಮೊದಲು, ನನಗೆ ಕೊನೆಗಾ?”

ನಿಜ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಈ ಮನುಷ್ಯ ದಿನಾ ಸಂಜೆ ಬಲ್ಬ್ ಅಂಗಡಿಯ ಜಗುಲಿಯಲ್ಲೇ ಇಸ್ಪೀಟು ಆಡುವುದು. ಒಳ್ಳೆಯವರು, ಬಾಯಿಗೆ ಮಾತ್ರ ಬೀಗವಿಲ್ಲ. ಇಲ್ಲಿ ಹೇಳಿದ್ದು ನಾಳೆಯೇ ಅಲ್ಲಿಗೆ ಮುಟ್ಟುತ್ತದೆ. ಪ್ರೊಫೆಸರಮ್ಮ ತಟ್ಟೆ ಹಾಕಿದರು. ಗಂಡ ಗೋಡೆಯ ಕಡೆ ಮುಖ ಮಾಡಿ ಉಂಡರು.

ಮರುದಿನ ಅಂಚೆಯವನು ಹಲಗೆ ಓದಿದ. ತಮಾಷೆ ಮಾಡುತ್ತಾನೆ ಎಂದು ಪ್ರೊಫೆಸರಮ್ಮ ಕಾದರು. ಅವನು ತಲೆ ತಗ್ಗಿಸಿ, ಕಾಗದಗಳನ್ನಿಟ್ಟು ಬೇಗ ಹೊರಟುಹೋದ. ಯಾರಾದರೂ ನಕ್ಕಿದ್ದರೆ ಉಸಿರಾಡಬಹುದಿತ್ತು ಎನಿಸಿತು. ತಾವು ಬರೆದ ಅಷ್ಟೂ ಹೆಸರುಗಳು ಒಂದೊಂದಾಗಿ ನೆನಪಾದವು. ಒಬ್ಬೊಬ್ಬರೂ ಯಾವ ಮನೆಗೆ ಹಿಂತಿರುಗಿದ್ದರೋ.

ನಾಲ್ಕನೆಯ ದಿನ ಹಲಗೆಯನ್ನು ಕೆಳಗಿಳಿಸಿ, ಮೊಳೆಗಳನ್ನೂ ಕಿತ್ತರು. ತಡ ಮಾಡಿದವರಿಗೆ ಚೀಟಿ ಬರೆದು, ಲಕೋಟೆ ಅಂಟಿಸಿ, ಅವರವರ ಕೈಗೇ ಕೊಡತೊಡಗಿದರು.

ಬುಧವಾರ ಹೊರಗೆ ಸ್ಕೂಟರ್ ನಿಂತಿತು. ಎಂಜಿನ್ ಆರಲಿಲ್ಲ. ಬಲ್ಬ್ ಅಂಗಡಿಯವನ ಹೆಂಡತಿ ಒಳಗೆ ಬಂದು, ಗಂಡ ಒಯ್ದಿದ್ದ ಅಡುಗೆ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

“ಮಗಳು?”

“ನಿನ್ನೆ ಕರ್ಕೊಂಡು ಬಂದ್ರು.” ಅವಳ ಕಣ್ಣು ಗೋಡೆಯ ಮೇಲಿನ ಖಾಲಿ ಚೌಕದ ಮೇಲೆ ನಿಂತಿತು. “ಮೇಡಂ, ನಿಮ್ಮನೇಲಿ…”

ಮನೆಯಲ್ಲಿ ಇನ್ನೂ ಮಾತಿರಲಿಲ್ಲ. ಪ್ರೊಫೆಸರಮ್ಮ ರಸ್ತೆಗೂ ಕೇಳುವಂತೆ, “ಅಡುಗೆ ಪುಸ್ತಕ ಒಳಗಿನ ಕಪಾಟಲ್ಲಿವೆ, ಕೂತು ಆರಿಸ್ಕೋಮ್ಮ,” ಎಂದರು. ಆಮೇಲೆ ತಮ್ಮ ಕುರ್ಚಿಯನ್ನು ಎಳೆದು ಬಾಗಿಲಿಗೆ ಅಡ್ಡಲಾಗಿ ಹಾಕಿಕೊಂಡು ಕೂತರು. ತಿರುಗಿ ನೋಡದೆ, ತಗ್ಗಿದ ದನಿಯಲ್ಲಿ ಹೇಳಿದರು:

“ಕೆಳಗಿನ ಸಾಲಲ್ಲಿದೆ. ಮಡಿಸಿದ ಪುಟ ಹಾಗೇ ಇದೆ, ನಾನು ಬಿಡಿಸಿಲ್ಲ. ನೀನು ಓದು. ಗಂಟೆ ನಾನು ನೋಡ್ಕೋತೀನಿ.”