ಭಾವ ತಂದ ಕಪ್ಪುದ್ರವ್ಯದ ನಮೂನೆ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಸೊನ್ನೆಯಕ್ಕ ಎನ್ನುತ್ತಿದ್ದರು. ಆಕಾಶದಲ್ಲಿ ಸುತ್ತುವ ಕ್ಷ-ಕಿರಣ ದೂರದರ್ಶಕದ ಅಳತೆ ತಪ್ಪದಂತೆ, ಅದರ ಸೊನ್ನೆ ಸೊನ್ನೆಯಲ್ಲೇ ಇರುವಂತೆ ನೋಡಿಕೊಳ್ಳುವುದು ಅವಳ ಕೆಲಸ. ಹದಿನಾಲ್ಕು ವರ್ಷದಲ್ಲಿ ಒಂದೂ ಸುಳ್ಳು ಅಂಕಿ ಬರೆದವಳಲ್ಲ.

ಆ ವಾರ ದೂರದರ್ಶಕ ಕಳಿಸಿದ ನಕ್ಷೆಯಲ್ಲಿ ಹೊಸದೊಂದು ಗೆರೆ ಮೂಡಿತು. ಕಣ್ಣಿಗೆ ಕಾಣದ, ಕೈಗೆ ಸಿಗದ ಕಪ್ಪುದ್ರವ್ಯ ಹೊಮ್ಮಿಸಿದ ಕಿರಣವಿರಬಹುದು ಎಂದು ಯಾರೋ ಬಾಯಿಬಿಟ್ಟರು. ಅಷ್ಟಕ್ಕೇ ಸುರಕ್ಷತಾ ಅಧಿಕಾರಿ, ಎಲ್ಲರೂ ತುಂಬಿಕೊಡಬೇಕಾದ ನಮೂನೆಯ ಹಾಳೆ ಹಿಡಿದು ಓಡಿಬಂದರು. ಅವರು ಅವಳ ಸ್ವಂತ ಅಕ್ಕನ ಗಂಡ.

“ಇವತ್ತು ನಿನ್ನ ಮೈಯೊಳಗೆ ಕಪ್ಪುದ್ರವ್ಯ ಎಷ್ಟು ಹೊತ್ತು ಹಾದುಹೋಯ್ತು? ಬರಿ.”

‘ದಿನವಿಡೀ’ ಎಂದು ಬರೆದಳು. ಭಾವನ ಮುಖ ಬಿಳಿಚಿಕೊಂಡಿತು.

“ಮಿತಿ ಸೊನ್ನೆ ಕಣಮ್ಮಾ! ಮೊದಲು ಆಚೆ ನಡಿ.”

“ಆಚೆನೂ ಇದೆ ಭಾವ.”

ಸೀಸದ ಗೋಡೆಯ ಕೋಣೆಯಲ್ಲಿ ಅವಳನ್ನು ಒಂದು ಗಂಟೆ ಕೂರಿಸಿ ಮತ್ತೆ ನಮೂನೆ ಕೊಟ್ಟರು. ಮತ್ತೆ ಅದೇ ಉತ್ತರ.

“ಅದು ಸೀಸಕ್ಕೆಲ್ಲ ಜಗ್ಗಲ್ಲ. ನಿಮ್ಮೊಳಗೂ ಹೋಗ್ತಿದೆ. ಸುಮ್ನೆ ಹೋಗುತ್ತೆ, ಏನೂ ಮಾಡಲ್ಲ.”

ಭಾವ ನಿಯಮದ ಮನುಷ್ಯ. ತಮ್ಮ ನಮೂನೆಯನ್ನೂ ತುಂಬಿದರು, ಹೊರಹೋಗುವಂತೆ ತಮಗೇ ಆದೇಶ ಬರೆದರು, ತಲುಪಿದೆ ಎಂದು ತಾವೇ ಸಹಿ ಹಾಕಿದರು. ಆಮೇಲೆ ಯಾರನ್ನೂ ಬಿಡಲಿಲ್ಲ. ಮೂರು ಗಂಟೆಯ ಹೊತ್ತಿಗೆ ನಿರ್ದೇಶಕರಿಂದ ಹಿಡಿದು ಕಾವಲುಗಾರನವರೆಗೆ ಎಲ್ಲರೂ ಗೇಟಿನಾಚೆಯ ಮರದಡಿ ನಿಂತಿದ್ದರು.

ಮೂರೂವರೆಗೆ ದೂರದರ್ಶಕ ನೆತ್ತಿಯ ಮೇಲೆ ಬರುವುದಿತ್ತು; ಅದಕ್ಕೆ ಆದೇಶ ಕಳಿಸಲು ಸಿಗುವುದು ಆ ಕೆಲವೇ ನಿಮಿಷ. ಸೊನ್ನೆಯಕ್ಕನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಭಾವ ಕೂಗುತ್ತಿದ್ದಂತೆಯೇ ಒಳಗೆ ಓಡಿದಳು. ದೂರದರ್ಶಕದ ಮುಚ್ಚಳ ಹಾಕಿಸಿ, ಅದರೊಳಗೆ ಅಳತೆಗೆಂದೇ ಇಟ್ಟಿದ್ದ ಕಿರಣದೊಂದಿಗೆ ಹೋಲಿಸಿ ನೋಡಿದಳು. ಉಪಕರಣ ಕೂದಲೆಳೆಯಷ್ಟು ಜರುಗಿತ್ತು. ಸರಿಪಡಿಸಿದ್ದೇ ತಡ, ಹೊಸ ಗೆರೆ ಹೋಗಿ, ನಕ್ಷೆಯಲ್ಲಿ ಯಾವಾಗಲೂ ಇರುವ ಗಂಧಕದ ಹಳೇ ಗೆರೆಯ ಮೇಲೆ ಕೂತಿತು. ಅದು ಕಪ್ಪುದ್ರವ್ಯದ್ದೇ ಆಗಿರಲಿ ಎಂದು ತಾನೂ ಒಳಗೊಳಗೇ ಆಸೆಪಟ್ಟಿದ್ದಳೇನೋ, ಪಿಚ್ಚೆನಿಸಿತು. ಮರದಡಿಗೆ ವಾಪಸು ಬಂದಳು.

“ಭಾವ, ಆ ಗೆರೆ ನಮ್ಮ ಉಪಕರಣದ ತಪ್ಪು.”

“ಬದುಕಿದೆ! ಸೊನ್ನೆ ಅಂತ ಬರಿ, ಎಲ್ರೂ ಒಳಗೆ ಹೋಗೋಣ.”

“ಗೆರೆ ಸುಳ್ಳು. ಕಪ್ಪುದ್ರವ್ಯ ಹಾದುಹೋಗೋದು ಸುಳ್ಳಲ್ಲವಲ್ಲ. ಹೇಗೆ ಬರೀಲಿ?”

ನಿರ್ದೇಶಕರು ಬೆವರೊರೆಸಿಕೊಂಡು, ಪೆನ್ನು ಕಿತ್ತುಕೊಂಡು, ಮಿತಿಯ ಜಾಗದಲ್ಲಿದ್ದ ಸೊನ್ನೆಯನ್ನು ಹೊಡೆದುಹಾಕಿ ‘ಬಂದಷ್ಟು’ ಎಂದು ಬರೆದರು. ಎಲ್ಲರೂ ಕೆಲಸಕ್ಕೆ ಮರಳಿದರು. ಭಾವ ಮಾತ್ರ ರಜೆ ಹಾಕಿ ಮನೆಗೆ ನಡೆದರು.

ಸಂಜೆ ಅಕ್ಕ ಫೋನ್ ಮಾಡಿದಳು. “ಏನೇ, ನಿಮ್ಮ ಭಾವ ಬಂದವರೇ ಮಂಚದ ಕೆಳಗೆ ತೂರಿಕೊಂಡಿದ್ದಾರೆ. ಅಲ್ಲಿ ಅದೇನೋ ಕಮ್ಮಿ ಇರುತ್ತಾ?”

ಸೊನ್ನೆಯಕ್ಕ ಲೆಕ್ಕ ಹಾಕಿ ನೋಡಿದಳು.

“ಇಲ್ಲ ಅಕ್ಕ, ಅಲ್ಲೂ ಅಷ್ಟೇ.”

“ಸರಿ, ಹಾಗಾದ್ರೆ ಅಲ್ಲಿರೋವಾಗ್ಲೇ ಕಸ ಗುಡಿಸಿಬಿಡೋಕೆ ಹೇಳ್ತೀನಿ.”