ಲೆಮುಯೆಲ್‌ನ ಆಣೆ

ಹೆಂಡದಂಗಡಿಯ ಓಬೆಡ್ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದವನು ನಡುವೆಯೇ ನಿಲ್ಲಿಸಿ ರೂಫಸ್‌ನ ಕಡೆ ನೋಡಿದ. ಉಳಿದವರೂ ನೋಡಿದರು. ಸ್ವಾತಂತ್ರ್ಯ ಯುದ್ಧಕ್ಕೆಂದು ರಾಜ್ಯಗಳು ಮಾಡಿದ ಸಾಲವನ್ನೆಲ್ಲ ಇನ್ನು ಕೇಂದ್ರ ಸರ್ಕಾರವೇ ಹೊರುತ್ತದಂತೆ. ನಮ್ಮ ಸಾಲ ನಾವು ತೀರಿಸಿದ್ದೇವೆ, ಅವರದ್ದನ್ನೇಕೆ ಹೊರಬೇಕು ಎಂದು ತಿಂಗಳುಗಟ್ಟಲೆ ಜಗಳವಾಡಿದ ವರ್ಜೀನಿಯಾದವರಲ್ಲೂ ಕೆಲವರು ಕೊನೆಗೆ ಒಪ್ಪಿದರಂತೆ. ಬೋಸ್ಟನ್ನಿನ ಸರ್ಕಾರ ಹೇರಿದ ಕಂದಾಯ ಇಳಿಯುವ ಇಂಥ ಸುದ್ದಿಗೆ ಮ್ಯಾಸಚೂಸೆಟ್ಸಿನ ರೈತರು ಕುಣಿಯಬೇಕಿತ್ತು. ಯಾರೂ ಲೋಟ ಎತ್ತಲಿಲ್ಲ.

"ನಿಮ್ಮಮ್ಮನಿಗೆ ಏನು ಹೇಳ್ತೀಯೋ?" ಎಂದ ಓಬೆಡ್.

ಮೂರು ಚಳಿಗಾಲದ ಹಿಂದೆ ಅದೇ ಕಂದಾಯ ತಾಳಲಾರದೆ ರೈತರು ಆಯುಧಶಾಲೆಗೆ ನುಗ್ಗಲು ಹೋಗಿದ್ದರು. ರೂಫಸ್‌ನ ತಮ್ಮ ಲೆಮುಯೆಲ್ ಬಂಡಾಯದ ಗುರುತಿಗೆ ಟೋಪಿಯಲ್ಲಿ ಹಸಿರು ರೆಂಬೆ ಸಿಕ್ಕಿಸಿಕೊಂಡಿದ್ದ. ರೂಫಸ್ ಸರ್ಕಾರಿ ಪಡೆಯ ಗುರುತಿಗೆ ಬಿಳಿ ಕಾಗದ ಸಿಕ್ಕಿಸಿಕೊಂಡು ಸರ್ಕಾರದ ಫಿರಂಗಿಯ ಪಕ್ಕ ನಿಂತಿದ್ದ. ಫಿರಂಗಿಯ ಗುಂಡಿಗೆ ಬಿದ್ದ ಲೆಮುಯೆಲ್‌ನನ್ನು ಅಲ್ಲೇ ಮಣ್ಣು ಮಾಡಿದರು. ಈಗಲೂ ಕಣ್ಣು ಮುಚ್ಚಿದರೆ ರೂಫಸ್‌ಗೆ ಹಿಮದ ಮೇಲೆ ಬಿದ್ದ ಆ ಟೋಪಿಯೇ ಕಾಣುತ್ತದೆ.

ಮನೆಗೆ ಬಂದಾಗ ತಾಯಿಗೆ ನಿಜ ಹೇಳಲಿಲ್ಲ. ತಮ್ಮ ಗಡಿಯಾಚೆಯ ವರ್ಮಾಂಟಿಗೆ ಓಡಿಹೋದ ಎಂದುಬಿಟ್ಟ. ಸರ್ಕಾರದ ಕ್ಷಮೆ ಸಿಕ್ಕಿ ಉಳಿದ ಬಂಡಾಯಗಾರರೆಲ್ಲ ಮರಳಿದಾಗ ಇನ್ನೊಂದು ಸುಳ್ಳು ಬೇಕಾಯಿತು. ಈ ಸಾಲ ನಮ್ಮ ತಲೆಯ ಮೇಲಿಂದ ಇಳಿಯುವವರೆಗೂ ಊರಿಗೆ ಕಾಲಿಡುವುದಿಲ್ಲವೆಂದು ಆಣೆ ಹಾಕಿದ್ದಾನೆ ಎಂದ. ಅದು ಯಾರ ಜೀವಮಾನದಲ್ಲೂ ಇಳಿಯುವ ಸಾಲವಲ್ಲವೆಂದು ಪಾಪ ರೂಫಸ್‌ನ ಲೆಕ್ಕ. ಕಾಂಗ್ರೆಸ್ಸಿನವರ ಮನಸ್ಸು ಯಾರಿಗೆ ಗೊತ್ತು? ನಿಜ ಗೊತ್ತಿದ್ದ ಊರು ಮರುಕದಿಂದ ಬಾಯಿ ಮುಚ್ಚಿಕೊಂಡಿತ್ತು.

ರೂಫಸ್ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ದಾರಿಹೋಕ ವ್ಯಾಪಾರಿಯೊಬ್ಬ ಬೇಲಿಯಾಚೆಯಿಂದಲೇ ಕೂಗಿ ಹೇಳಿದ್ದನಂತೆ. ಇಷ್ಟು ದಿನ ಕುರ್ಚಿ ಬಿಟ್ಟು ಏಳದಿದ್ದ ತಾಯಿ ಅಂಗಳದಲ್ಲಿ ಕೋಳಿಯ ಪುಕ್ಕ ಕೀಳುತ್ತಿದ್ದಳು. ಲೆಮುಯೆಲ್‌ನ ಅಂಗಿ ಒಗೆದು ಹರವಿತ್ತು.

"ಗಾಡಿ ಕಟ್ಟು. ತಮ್ಮನ್ನ ಕರ್ಕೊಂಡು ಬಾ."

"ಅಮ್ಮಾ, ಲೆಮುಯೆಲ್..."

"ಗೊತ್ತು, ನಿನ್ ಮೇಲೆ ಅವನಿಗೆ ಸಿಟ್ಟಿರುತ್ತೆ. ಬೈದ್ರೆ ಬೈಸ್ಕೋ, ದೊಡ್ಡೋನಲ್ವಾ ನೀನು. ದಾರೀಲಿ ಮಾತ್ರ ಜಗಳ ಆಡಬೇಡ್ರೋ."

ಹೇಳಿಬಿಡಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಅವಳು ಇನ್ನೂ ಪೂರ್ತಿ ಒಣಗದ ಅಂಗಿಯನ್ನು ಮಡಿಸಿ ಅವನ ಕೈಗಿಟ್ಟು ನಕ್ಕಳು. ಅವಳು ನಕ್ಕಿದ್ದನ್ನು ಅವನು ಕಂಡು ಯಾವ ಕಾಲವಾಗಿತ್ತೋ. ರೂಫಸ್ ಕುದುರೆ ಕಟ್ಟಿದ.

ಗಾಡಿ ವರ್ಮಾಂಟಿನ ದಾರಿ ಹಿಡಿಯಿತು. ತಾಯಿ ಬೇಲಿಯ ಹತ್ತಿರ ನಿಂತು ನೋಡುತ್ತಲೇ ಇದ್ದಳು. ಅವನು ಹಲಗೆಯ ಒಂದು ಬದಿಗೆ ಸರಿದು ಕುಳಿತಿದ್ದ, ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು.