ಡಬ್ಬಿಯ ಅಂಚು

ಟಕ್, ಮತ್ತೆ ಅದೇ, ಹೆಡ್‌ಫೋನಿನ ಎಡಗಿವಿಯಲ್ಲಿ, ಉಗುರೊಂದು ಬಣ್ಣದ ಡಬ್ಬಿಯ ಅಂಚಿಗೆ ತಾಗಿದ ಸದ್ದು, ಅವಳು ಅದನ್ನು ಕತ್ತರಿಸಿ ಎಸೆಯುತ್ತಾಳೆ, ಮೂವತ್ತೆಂಟು ಆಯಿತು, ಇನ್ನು ಒಂದು ಉಳಿದಿದೆ — ಏ ಕಿವಿ, ಆ ಟಕ್ ಟಕ್ ಮಧ್ಯಾಹ್ನದೊಳಗೆ ಹೋಗ್ಬೇಕು, ಕಲಾವಿದರು ಚಿತ್ರ ಬಿಡಿಸ್ತಿದ್ದಾರೋ ಯಾರೋ ಬಾಗಿಲು ತಟ್ತಿದ್ದಾರೋ ಗೊತ್ತಾಗಲ್ಲ, ಎಂದು ನಿರ್ದೇಶಕ ಬೆಳಿಗ್ಗೆಯೇ ಹೇಳಿ ಹೋಗಿದ್ದಾನೆ, ಕಿವಿ ಅಂತ ಹೆಸರಿಟ್ಟವನೂ ಅವನೇ, ಹದಿನಾರು ವರ್ಷ ಅವನ ಸಾಕ್ಷ್ಯಚಿತ್ರಗಳಿಗೆ ಧ್ವನಿ ಹಿಡಿದವಳಿಗೆ ಬಾಯಿ ಎಂಬುದೊಂದೂ ಇದೆ ಎಂದು ಅವನಿಗೆ ಇನ್ನೂ ಹೊಳೆದಿಲ್ಲ, ಇರಲಿ, ಪರದೆಯ ಮೇಲೆ ಎಂಬತ್ತು ದಾಟಿದ ಕಲಾವಿದರ ಕೈ, ಕುಂಚ ಹಿಡಿದದ್ದು, ಸಾಲು ಡಬ್ಬಿಗಳ ಮೇಲೆ ಗಾಳಿಯಲ್ಲಿ ನಿಂತಿದೆ, ಕಾಯುತ್ತಿದೆ, ಆಮೇಲೆ ಒಮ್ಮೆಲೇ ಹಳದಿಗೆ ಇಳಿಯುತ್ತದೆ, ಸದ್ದು ಹೋದ ಮೇಲೆ ಅದು ಯಾಕೆ ನಿಂತಿತು ಯಾಕೆ ಇಳಿಯಿತು ಯಾರಿಗೂ ತಿಳಿಯುವುದಿಲ್ಲ, ನೋಡು, ಧ್ಯಾನ ಅಂದ್ರೆ ಇದು, ಎಂದನಲ್ಲ ನಿರ್ದೇಶಕ, ಧ್ಯಾನವಂತೆ, ಅವನ ತಲೆ.

ತಪ್ಪು ಅವಳದೇ, ಚಿತ್ರೀಕರಣದ ಕೊನೆಯ ದಿನ ಊಟದ ಬಿಡುವಿನಲ್ಲಿ ಕಲಾವಿದರ ಕಾಲರಿನಿಂದ ಮೈಕು ಬಿಚ್ಚಬೇಕಿತ್ತು, ಮರೆತಳು, ತನ್ನ ಹೆಡ್‌ಫೋನೂ ತಲೆಯ ಮೇಲೇ ಇತ್ತು, ಗೇಟಿನ ಹತ್ತಿರ ನಿಂತು ಬ್ರೆಡ್ಡು ಕಚ್ಚುತ್ತಿದ್ದಾಗ ಅವರ ದನಿ ಬಂತು, ಈ ಮೂಲೆ ಖಾಲಿ ಅನ್ಸತ್ತೆ, ಏನು ಹಾಕಲಿ, ಅದಕ್ಕೆ ಹೆಂಡತಿಯ ದನಿ, ನೀವು ಕೈ ಚಾಚಿ, ನಾನು ತಟ್ಟಿದ ಡಬ್ಬಿ ತಗೊಳ್ಳಿ, ಐದು ವರ್ಷದಿಂದ ಅದೇ ತಾನೆ ಮಾಡ್ತಿರೋದು — ಹಾಗಾದರೆ ಇವರಿಗೆ ಬಣ್ಣವೇ ಕಾಣುವುದಿಲ್ಲ, ನೆರಳು ಬೆಳಕು ಬಿಟ್ಟರೆ ಏನೂ ಇಲ್ಲ, ಎಲ್ಲರೂ ಬಾಯ್ತುಂಬ ಹೊಗಳುವ ಇಳಿವಯಸ್ಸಿನ ಬಣ್ಣಗಳು, ಈ ಸಾಕ್ಷ್ಯಚಿತ್ರ ಹುಟ್ಟಿದ್ದೇ ಅವುಗಳಿಂದ, ಅವೆಲ್ಲ ಆ ಹೆಂಗಸು ಆರಿಸಿದ್ದು, ಆಕೆಯ ಮುಖ ಇದರಲ್ಲಿ ಬರುವುದು ಎರಡೇ ಸಲ, ಟೀ ತರುವಾಗ ಒಮ್ಮೆ, ಖಾಲಿ ಲೋಟ ಒಯ್ಯುವಾಗ ಒಮ್ಮೆ, ಉಳಿದಂತೆ ಚೌಕಟ್ಟಿನ ಅಂಚಿನಲ್ಲಿ ಒಂದು ಬೆರಳು, ಹಳದಿ ಕಚ್ಚಿಕೊಂಡ ಉಗುರು.

ಸಾಮಾನು ಕಟ್ಟುವಾಗ ಆಕೆಯೇ ಹತ್ತಿರ ಬಂದರು, ಮೈಕಿನ ತಂತಿ ನೋಡಿದರು, ಇವಳ ಮುಖ ನೋಡಿದರು, ಅಷ್ಟರಲ್ಲೇ ತಿಳಿದುಕೊಂಡು ಮಣಿಕಟ್ಟು ಹಿಡಿದರು, ಕೇಳಿಸ್ಕೊಂಡ್ಯಾ, ಕೇಳಿದ್ದು ಹೊಟ್ಟೇಲೇ ಇರ್ಲಿ ಮಗಳೇ, ಗೊತ್ತಾದ್ರೆ ಜನ ಇವರ ಕಣ್ಣು ನೋಡ್ತಾರೆ, ಚಿತ್ರ ನೋಡಲ್ಲ, ಆಮೇಲೆ ಇವರು ಕುಂಚ ಮುಟ್ಟಲ್ಲ, ಆ ಸದ್ದು ತೆಗೆದುಬಿಡು — ಮತ್ತೆ ನೀವು, ಎಂದು ಕೇಳಬೇಕಿತ್ತು, ಹೂಂ ಎಂದುಬಿಟ್ಟಳು, ಈಗ ಅತ್ತ ದರಿ ಇತ್ತ ಪುಲಿ, ಸದ್ದು ಉಳಿಸಿದರೆ ಮುದುಕರ ಕೈ ನಿಲ್ಲುತ್ತದೆ, ತೆಗೆದರೆ ಆ ಹೆಂಗಸು ಟೀ ತರುವವರಾಗಿಯೇ ಉಳಿಯುತ್ತಾರೆ, ಮತ್ತೆ ನಾಳೆ ಮೊದಲ ಪ್ರದರ್ಶನ, ಕಲಾವಿದರು ಮುಂದಿನ ಸಾಲಿನಲ್ಲಿ, ಅಯ್ಯೋ, ಇದು ಮೊದಲೇ ಯಾಕೆ ಹೊಳೆಯಲಿಲ್ಲ, ಅವರಿಗೆ ಪರದೆಯೆಲ್ಲಿ ಕಾಣುತ್ತದೆ, ಅವರು ಕೇಳುತ್ತಾರೆ, ಕುರ್ಚಿ ಕಿರುಗುಟ್ಟುವುದು, ಬಟ್ಟೆಯ ಮೇಲೆ ಕುಂಚ ಉಜ್ಜುವುದು, ತಮ್ಮದೇ ಕೆಮ್ಮು, ಎಲ್ಲವನ್ನೂ ಅವಳು ಜೋಪಾನವಾಗಿ ಉಳಿಸಿದ್ದಾಳೆ, ಅದೊಂದು ಬಿಟ್ಟು, ಮೂವತ್ತೆಂಟು ಕಡೆ ಅವರು ಕತ್ತಲಲ್ಲಿ ಅದಕ್ಕಾಗಿ ಕಾಯುತ್ತಾರೆ, ಅವಳಿಗೆ ನಾಚಿಕೆಯಾಗುತ್ತದೆ, ಆದರೂ ಮಾತು ಕೊಟ್ಟಾಗಿದೆ, ಮೂವತ್ತೊಂಬತ್ತನೆಯದನ್ನೂ ಕತ್ತರಿಸಿ ಕಣ್ಣು ಮುಚ್ಚಿ ಕೇಳುತ್ತಾಳೆ, ಏನೂ ಇಲ್ಲ, ಶುದ್ಧವಾಗಿದೆ, ಕಣ್ಣು ತೆರೆದರೆ ಕೈ ಗಾಳಿಯಲ್ಲಿ ನಿಂತಿದೆ, ಚೌಕಟ್ಟಿನ ಅಂಚಿನಿಂದ ಹಳದಿ ಉಗುರು ಬರುತ್ತದೆ, ಡಬ್ಬಿಗೆ ತಾಗುತ್ತದೆ, ಸದ್ದಿಲ್ಲ, ದೃಶ್ಯವನ್ನು ಹಿಂದಕ್ಕೆ ಎಳೆದು ಮತ್ತೆ ಬಿಡುತ್ತಾಳೆ, ಉಗುರು ತಾಗುತ್ತದೆ, ಸದ್ದಿಲ್ಲ, ಮತ್ತೆ, ಉಗುರು ತಾಗುತ್ತದೆ —